ಮೊದಲು ರೊಟ್ಟಿ ಕಟ್ಟೆ, ಉಳಿದದ್ದು ಆಮೇಲೆ

ಮಾಡ್ಯುಲರ್ ಕಿಚನ್ ಮಾಡಿಕೊಡುವವರ ಹತ್ತಿರ ಹೋಗಿ ನೋಡಿ. ಮೊದಲು ಬಣ್ಣ ಕೇಳುತ್ತಾರೆ. ಹೊಳೆಯೋದು ಬೇಕಾ, ಮ್ಯಾಟ್ ಬೇಕಾ? ಎಲ್ ಆಕಾರವೋ, ಯು ಆಕಾರವೋ? ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುತ್ತಾರೆ. ಕಟ್ಟೆ ಮೇಲೆ ಹಣ್ಣಿನ ಬುಟ್ಟಿ, ಕಾಫಿ ಮಷಿನ್, ಪಕ್ಕದಲ್ಲಿ ಪುಟ್ಟ ಕುಂಡ. ನಿಮ್ಮ ಮನೆಯಲ್ಲಿ ದಿನಾ ಎಷ್ಟು ರೊಟ್ಟಿ ಆಗುತ್ತವೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಅಡಿಗೆಮನೆ ಒಡೆದು ಕಟ್ಟಿಸುವವರು ಮೊದಲು ಲೆಕ್ಕ ಹಾಕಬೇಕಾದದ್ದು ಅದನ್ನೇ.

ನಮ್ಮದು ಧಾರವಾಡದ ಕಲ್ಯಾಣನಗರದ ಹಳೇ ಮನೆ, 1990ರ ದಶಕದಲ್ಲಿ ಮಾವನವರು ಕಟ್ಟಿಸಿದ್ದು. ಅಡಿಗೆಮನೆ 10 ಅಡಿಗೆ 11 ಅಡಿ. ಪೂರ್ವಕ್ಕೆ ಕಿಟಕಿ, ಹಿಂದೆ ಹಿತ್ತಲ ಬಾಗಿಲು, ಒಂದೇ ಗೋಡೆಗೆ ಉದ್ದಕ್ಕೆ ಕಡಪಾ ಕಲ್ಲಿನ ಕಟ್ಟೆ. ಒಲೆ ಆಗ್ನೇಯದಲ್ಲೇ ಇದೆ, ಆದ್ದರಿಂದ ವಾಸ್ತು ಜಗಳ ಇಲ್ಲ, ಅದೊಂದು ಪುಣ್ಯ. ಡಿಸೈನ್ ಮಾಡುವ ಹುಡುಗ ಲ್ಯಾಪ್‌ಟಾಪ್ ತಂದು ಚಿತ್ರ ತೋರಿಸಿದ. ಅತ್ತೆ ಚಾಳೀಸು ಹಾಕಿಕೊಂಡು ಪೂರ್ತಿ ನೋಡಿದರು.

"ಛಲೋ ಐತಿ ತಮ್ಮಾ. ರೊಟ್ಟಿ ಎಲ್ಲಿ ಬಡೀಬೇಕು?"

"ಇಲ್ಲೇ ಕಟ್ಟಿ ಮ್ಯಾಲ ಬಡೀರಿ ಅಜ್ಜಿ, ಪೂರ್ತಿ ಕ್ವಾರ್ಟ್ಜ್ ಐತಿ."

"ಎತ್ತರ ಎಷ್ಟೈತಿ?"

"ಮೂವತ್ತಾರು ಇಂಚ್ ರೀ."

ಅತ್ತೆ ಎದ್ದು ನಿಂತು, ಹೊಟ್ಟೆಗಿಂತ ಮೇಲೆ ಗಾಳಿಯಲ್ಲಿ ಕೈ ಇಟ್ಟು ಎರಡು ಸಲ ಬಡಿದು ತೋರಿಸಿದರು. "ಇಷ್ಟ ಎತ್ತರದಾಗ ಬಡದ್ರ ರಟ್ಟಿ ಉಳೀತಾವೇನೋ?" ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಯಾಕಂದರೆ ಅವರು ಕೇಳಿದ್ದು ಸರಿ ಇತ್ತು.

ಅಂಗಡಿಯವರು ಹಾಕುವ ಕಟ್ಟೆ ಸಾಮಾನ್ಯವಾಗಿ 34ರಿಂದ 36 ಇಂಚು. ಕಾಯಿಪಲ್ಯ ಹೆಚ್ಚೋದಕ್ಕೆ ಅದು ಸರಿ, ಮೊಣಕೈಗಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಇದ್ದರೆ ಬೆನ್ನು ಬಗ್ಗುವುದಿಲ್ಲ. ಆದರೆ ಹಿಟ್ಟು ನಾದೋದು, ರೊಟ್ಟಿ ಬಡಿಯೋದು ಬೇರೆಯೇ ಕೆಲಸ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟು ಸ್ವಲ್ಪ ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ ಅಷ್ಟೆ, ಉಳಿದದ್ದೆಲ್ಲ ಅಂಗೈ ಬಲ. ಲಟ್ಟಣಿಗೆ ಒತ್ತಿದರೆ ಅಂಚು ಸೀಳುತ್ತದೆ. ಅದಕ್ಕೇ ಒಣ ಹಿಟ್ಟು ಉದುರಿಸಿ, ಉಂಡೆ ಇಟ್ಟು, ಒಂದು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯಿಂದ ಬಡಿಯೋದು. ಭುಜದಿಂದ ಭಾರ ನೆಟ್ಟಗೆ ಕೆಳಗೆ ಬರಬೇಕು. ಕಟ್ಟೆ ಎತ್ತರ ಆದರೆ ಭುಜ ಮೇಲೇರುತ್ತದೆ, ನಾಲ್ಕನೇ ರೊಟ್ಟಿಗೇ ಕೈ ಸೋಲುತ್ತದೆ.

ಅತ್ತೆಯ ಎತ್ತರ 5 ಅಡಿ, ಮೊಣಕೈ ನೆಲದಿಂದ 38 ಇಂಚಿಗೆ ಬರುತ್ತದೆ. ನಾನು 5 ಅಡಿ 4 ಇಂಚು. ಇಬ್ಬರಿಗೂ ಒಂದೇ ಕಟ್ಟೆ ಅಂದರೆ ಇಬ್ಬರಿಗೂ ತೊಂದರೆ. ಪರೀಕ್ಷೆ ಮಾಡೋಕೆ ದುಡ್ಡೇನೂ ಬೇಕಾಗಲಿಲ್ಲ. ಊಟದ ಟೇಬಲ್ ಸುಮಾರು 30 ಇಂಚು ಇರುತ್ತದೆ ಅಲ್ವಾ, ಅದರ ಮೇಲೆ ಬಟ್ಟೆ ಹಾಸಿ, ಮಣೆ ಇಟ್ಟು ಅತ್ತೆ ಬಡಿದು ನೋಡಿದರು. "ಒಂದೀಟು ತಗ್ಗಾದ್ರ ಇನ್ನೂ ಛಲೋ" ಅಂದರು. ಮಣೆಯ ದಪ್ಪ ಕಳೆದು ಕಟ್ಟೆ 29 ಇಂಚು ಅಂತ ಬರೆದುಕೊಂಡೆವು. ಅವರು ಮೊದಲು ನೆಲದ ಮೇಲೆ ಕೂತೇ ಬಡಿಯುತ್ತಿದ್ದರು. ಈಗ ಮಂಡಿ ಕೇಳುವುದಿಲ್ಲ.

ಈ 29 ಇಂಚು ಗಟ್ಟಿಯಾದ ಮೇಲೆ ಉಳಿದ ಗಂಟುಗಳು ತಾವಾಗೇ ಬಿಚ್ಚಿಕೊಂಡವು. ಹಂಚು ರೊಟ್ಟಿ ಮಣೆಯ ಪಕ್ಕದಲ್ಲೇ ಇರಬೇಕು, ಹಸಿ ರೊಟ್ಟಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆಯೋಕಾಗಲ್ಲ. ಮಣೆಯೂ ಒಲೆಯೂ ಒಂದೇ ತಗ್ಗು ಕಟ್ಟೆ ಮೇಲೆ ಅಂತಾಯಿತು. ಕಟ್ಟೆ ಮೇಲೆ ಇಡುವ ಮಾಮೂಲಿ ಗ್ಯಾಸ್ ಒಲೆಯ ಎತ್ತರ ಹತ್ತಿರ ಹತ್ತಿರ 5 ಇಂಚು. 29ಕ್ಕೆ 5 ಸೇರಿಸಿ, 34. ಹಂಚಿನ ಮುಂದೆ ನಿಲ್ಲೋಕೆ ಇದಕ್ಕಿಂತ ಒಳ್ಳೆ ಎತ್ತರ ಬೇಡ. ಅದೇ 36 ಇಂಚಿನ ಕಟ್ಟೆ ಮೇಲೆ ಒಲೆ ಇಟ್ಟರೆ 41 ಇಂಚಿನಲ್ಲಿ ಬರ್ನರ್, ಅದರ ಮೇಲೆ ಬೇಳೆಯ ಪಾತ್ರೆ. ಒಳಗೆ ಏನು ಕುದಿಯುತ್ತಿದೆ ಅಂತ ನೋಡೋಕೆ ಅತ್ತೆಗೆ ಮಣೆ ಹತ್ತಬೇಕಾಗುತ್ತದೆ.

ಕಟ್ಟೆಯೊಳಗೆ ಕೂಡಿಸುವ ಹಾಬ್ ಬೇಡ ಅಂದಿದ್ದು ಹೀಗೆ. ನೋಡೋಕೆ ಚಂದ, ಒರೆಸೋಕೆ ಸುಲಭ, ಒಪ್ಪುತ್ತೇನೆ. ಆದರೆ ರೊಟ್ಟಿ ಮೇಲೆ ನೀರು ಸವರಿದಾಗ ಹನಿ ಬೀಳುತ್ತದೆ, ಒಣ ಹಿಟ್ಟು ಹಾರುತ್ತದೆ, ಹಂಚಿನ ಭಾರ ಬೇರೆ. ಎತ್ತಿ ಸಿಂಕಿನ ಪಕ್ಕ ಇಟ್ಟು ತಿಕ್ಕುವ ಒಲೆಯೇ ನಮಗೆ ಸರಿ. ಇಂಡಕ್ಷನ್ ಒಂದು ಇರಲಿ, ಹಾಲು ಕಾಯಿಸೋಕೆ, ಚಹಾಕ್ಕೆ. ಕಬ್ಬಿಣದ ಹಂಚು ಅದರ ಮೇಲೂ ಕಾಯುತ್ತದೆ, ಆದರೆ ಕೊನೆಯಲ್ಲಿ ರೊಟ್ಟಿಯನ್ನು ಬೆಂಕಿಗೆ ಹಿಡಿದು ಉಬ್ಬಿಸೋದು ಅದರಲ್ಲಿ ಎಲ್ಲಿಂದ ಬರಬೇಕು?

ಉಳಿದ ಕಟ್ಟೆ ನನ್ನ ಲೆಕ್ಕದಲ್ಲಿ, 35 ಇಂಚು. ಹೆಚ್ಚೋದು, ಮಿಕ್ಸರ್, ಸಿಂಕ್ ಎಲ್ಲ ಅದರ ಮೇಲೆ. ಎರಡು ಮಟ್ಟ ಮಾಡಿದರೆ "ಲುಕ್ ಹೋಗ್ತದ್ರೀ" ಅಂತ ಹುಡುಗ ಗೊಣಗಿದ. ಹೋಗಲಿ ಬಿಡಿ.

ಕಲ್ಲಿನ ವಿಷಯ ಬೇಗ ಮುಗಿಯಿತು. ಕ್ವಾರ್ಟ್ಜ್ ಅಂದರೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಬಿಸಿ ಹಂಚು ನೇರ ಇಟ್ಟರೆ ಆ ಅಂಟು ಸುಟ್ಟು ಕಲೆಯಾಗುತ್ತದೆ. ಮಾರ್ಬಲ್ ಮೇಲೆ ಹುಣಸೆ, ನಿಂಬೆ ಬಿದ್ದರೆ ಹೊಳಪು ಹೋಗುತ್ತದೆ. ಗ್ರಾನೈಟೇ ಗಟ್ಟಿ. ಇಲಕಲ್ಲಿನ ಕೆಂಪು ಗ್ರಾನೈಟ್ ನಮ್ಮ ಕಡೆಯ ಬಾಗಲಕೋಟೆ ಜಿಲ್ಲೆಯದು, ಕಪ್ಪಿನಷ್ಟು ಹಿಟ್ಟು ಎದ್ದು ಕಾಣುವುದಿಲ್ಲ ಅಂತ ಅದನ್ನೇ ಆರಿಸಿದೆವು.

ಕಟ್ಟೆ ಕೆಳಗೆ ಪೂರ್ತಿ ಡ್ರಾವರ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಡ್ರಾವರ್ ಒಳ್ಳೇದೇ, ಬಗ್ಗಿ ಹುಡುಕೋ ಕೆಲಸ ಇಲ್ಲ. ಆದರೆ ರೊಟ್ಟಿ ಕಟ್ಟೆ ಕೆಳಗೆ ಮಾತ್ರ ಬೇಡ. ಅಲ್ಲಿ ಹಿಟ್ಟು ಸಣ್ಣಗೆ ಉದುರುತ್ತಲೇ ಇರುತ್ತದೆ. ಡ್ರಾವರಿನ ಪಟ್ಟಿಯೊಳಗೆ ಸೇರಿ, ಮಳೆಗಾಲದ ಥಂಡಿಗೆ ಗಟ್ಟಿಯಾಗಿ, ಎಳೆದರೆ ಕರಕರ ಅನ್ನುತ್ತದೆ. ಧಾರವಾಡದ ಮಳೆ ಗೊತ್ತಲ್ಲ, ಹಿಡಿದರೆ ಬಿಡೋದಿಲ್ಲ. ರೊಟ್ಟಿ ಕಟ್ಟೆ ಕೆಳಗೆ ಸುಮ್ನೆ ತೆರೆದ ಜಾಗ, ಅಲ್ಲಿ ಹಿಟ್ಟಿನ ಡಬ್ಬಿ, ಪರಾತ, ರೊಟ್ಟಿ ಬುಟ್ಟಿ.

ಇದೇ ಥಂಡಿಯ ಕಾರಣಕ್ಕೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಪೂರ್ತಿ ಬೇಡ ಅಂದೆವು, ನೀರು ಕುಡಿದರೆ ಅದು ಉಬ್ಬಿ ಪುಡಿಯಾಗುತ್ತದೆ. ಪ್ಲೈವುಡ್ ಆದರೆ ಐಎಸ್ 710 ಗುರುತಿನದು, ನೀರು ತಡೆಯುವ ಮರೈನ್ ಪ್ಲೈ. ಗೌಂಡಿ ಇನ್ನೊಂದು ದಾರಿ ಹೇಳಿದ. ಕೆಳಗಿನ ಗೂಡುಗಳೆಲ್ಲ ಕಡಪಾ ಕಲ್ಲಿನವೇ ಇರಲಿ, ಬಾಗಿಲು ಮಾತ್ರ ಹೊಸವು ಹಾಕಿಸಿ ಅಂತ. ಗೆದ್ದಲು ಬರಲ್ಲ, ನೀರಿನ ಭಯ ಇಲ್ಲ, ಖರ್ಚೂ ಕಡಿಮೆ. ಸಿಂಕಿನ ಕಡೆಯ ಅರ್ಧಕ್ಕೆ ಹಾಗೇ ಮಾಡುತ್ತೇವೆ.

ಇನ್ನು ಚಿಮಣಿ. ಇದರಲ್ಲಿ ಅಂಗಡಿಯವರು ಗಾಳಿ ಎಳೆಯುವ ಶಕ್ತಿಯ ಸಂಖ್ಯೆ ಒಂದನ್ನೇ ಜಪ ಮಾಡುತ್ತಾರೆ, ಗಂಟೆಗೆ 1200 ಘನ ಮೀಟರ್, 1400 ಅಂತ. ಆ ಪೈಪು ಎಷ್ಟು ಸಲ ತಿರುಗಿ ಹೊರಗೆ ಹೋಗುತ್ತದೆ ಅನ್ನೋದು ಅದಕ್ಕಿಂತ ಮುಖ್ಯ. 6 ಇಂಚಿನ ಪೈಪು ನೆಟ್ಟಗೆ ಹಿಂದಿನ ಗೋಡೆಯಿಂದ ಹೊರಗೆ ಹೋದರೆ ಒಳ್ಳೇದು, ಪ್ರತಿ ತಿರುವಿಗೂ ಗಾಳಿ ಕಡಿಮೆ. ನಮ್ಮ ಒಲೆ ಹೊರಗಿನ ಗೋಡೆಗೇ ಇರೋದರಿಂದ ಒಂದೇ ತಿರುವು ಸಾಕು. ಬರ್ನರಿನಿಂದ 26ರಿಂದ 30 ಇಂಚು ಮೇಲೆ ಚಿಮಣಿ ಇರಬೇಕು. 34ಕ್ಕೆ 30 ಸೇರಿಸಿದರೆ 64 ಇಂಚು, ಅಂದರೆ ಸರಿಯಾಗಿ ನನ್ನ ನೆತ್ತಿಗೆ ಬಂತು! ಚಪ್ಪಟೆ ಚಿಮಣಿ ಹಾಕಿಸಿದರೆ ದಿನಾ ತಲೆಗೆ ಪೆಟ್ಟು. ಮುಂದಿನ ಅಂಚು ಮೇಲಕ್ಕೆ ಓರೆಯಾಗಿರುವುದು ಸಿಗುತ್ತದೆ, ಅದನ್ನೇ ನೋಡುತ್ತಿದ್ದೇವೆ. ಅಗಲ 60 ಸೆಂಟಿಮೀಟರೋ 90 ಸೆಂಟಿಮೀಟರೋ ಅನ್ನೋ ಪ್ರಶ್ನೆಗೆ ಒಲೆ ನೋಡಿದರೆ ಉತ್ತರ ಸಿಗುತ್ತದೆ, ಮೂರು ಬರ್ನರಿನ ಒಲೆಗೆ 60 ಸಾಲದು. ಆಟೋ ಕ್ಲೀನ್ ಅಂದರೆ ತಾನೇ ಸ್ನಾನ ಮಾಡಿಕೊಳ್ಳುತ್ತದೆ ಅಂತ ತಿಳಿಯಬೇಡಿ. ಒಳಗೆ ಬಿಸಿ ಮಾಡಿ ಎಣ್ಣೆ ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ, ಬಟ್ಟಲು ತೊಳೆಯೋರು ನಾವೇ.

ಚಿಮಣಿ ಇದ್ದರೂ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಬೇಸಿಗೆಯಲ್ಲಿ ವರ್ಷದ ಖಾರ ಮಾಡೋವಾಗ ಬ್ಯಾಡಗಿ ಮೆಣಸಿನಕಾಯಿ ಹುರಿದು ನೋಡಿ, ಗೊತ್ತಾಗುತ್ತದೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೊಗಳುತ್ತಾರೆ, ಆದರೆ ಹುರಿಯುವಾಗಿನ ಘಾಟು ಏನೂ ಕಡಿಮೆ ಇಲ್ಲ, ಪಕ್ಕದ ಮನೆಯವರೂ ಸೀನುತ್ತಾರೆ. ಕಿಟಕಿ ಮೇಲೆ 9 ಇಂಚಿನ ಫ್ಯಾನ್. ಎರಡೂ ಹಾಕಿದಾಗ ಹಿತ್ತಲ ಬಾಗಿಲು ತೆರೆದಿರಬೇಕು, ಹೊರಗಿನಿಂದ ಗಾಳಿ ಬರದಿದ್ದರೆ ಎಳೆಯೋಕೆ ಏನಿರುತ್ತದೆ?

ಸಿಂಕ್, ಒಲೆ, ಫ್ರಿಜ್ ಮೂರನ್ನೂ ಸೇರಿಸಿ ಒಂದು ತ್ರಿಕೋನ ಎಳೆಯಿರಿ, ಮೂರು ಬದಿ ಕೂಡಿಸಿದರೆ 13ರಿಂದ 26 ಅಡಿ ಇರಲಿ ಅನ್ನೋ ನಿಯಮ ಒಂದಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1940ರ ದಶಕದಲ್ಲಿ ಮಾಡಿದ್ದು. ಫ್ರಿಜ್ಜಿನಿಂದಲೇ ಅಡಿಗೆ ಶುರುವಾಗುವ ಮನೆಗೆ ಅದು ಸರಿ. ಬೆಳಗ್ಗೆ ನಮ್ಮ ಮನೆಯಲ್ಲಿ ಫ್ರಿಜ್ ತೆಗೆಯೋದು ಹಾಲು, ಮೊಸರು, ಕಾಯಿಪಲ್ಯಕ್ಕೆ. ಹೆಚ್ಚು ಓಡಾಟ ಇರೋದು ಹಿಟ್ಟು, ಒಲೆ, ನೀರು ಈ ಮೂರರ ನಡುವೆ. ಹಾಗಾಗಿ ಫ್ರಿಜ್ಜನ್ನು ಊಟದ ಟೇಬಲ್ ಕಡೆಯ ಬಾಗಿಲ ಹತ್ತಿರ ಸರಿಸಿದೆವು. ಮಕ್ಕಳು ನೀರಿನ ಬಾಟಲಿಗೆ ಅಂತ ಒಲೆ ಮುಂದೆ ನುಗ್ಗೋದೂ ತಪ್ಪಿತು.

ನೀರಿಗೆ ಮಾತ್ರ ಯಾವ ಕ್ಯಾಟಲಾಗಿನಲ್ಲೂ ಜಾಗ ಇಲ್ಲ. ಮಲಪ್ರಭೆಯ ನೀರು ನಮ್ಮ ಅವಳಿ ನಗರಕ್ಕೆ ಬರುತ್ತದೆ, 2008ರ ಹೊತ್ತಿಗೇ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಶುರುವಾಯಿತು. ನಮ್ಮ ಓಣಿಗೆ ಇನ್ನೂ ಆ ಭಾಗ್ಯ ಇಲ್ಲ, ಬಂದ ದಿನ ತುಂಬಿಟ್ಟುಕೊಳ್ಳಬೇಕು. ಸಿಂಕಿನ ಎಡಕ್ಕೆ ಎರಡು ಅಡಿ ಅಗಲದ ಒಂದು ತಗ್ಗು ಕಟ್ಟೆ, ಅದರ ಮೇಲೆ ತಾಮ್ರದ ಹಂಡೆ, ಎರಡು ಕೊಡ. ಕುಡಿಯುವ ನೀರಿನ ನಳ ನೇರ ಅದರ ಮೇಲೆ, ತುಂಬಿದ ಕೊಡ ಎತ್ತೋ ಕೆಲಸ ಇರಬಾರದು. ಕಟ್ಟೆಗೆ ಸ್ವಲ್ಪ ಇಳಿಜಾರು ಕೊಟ್ಟು, ಚೆಲ್ಲಿದ ನೀರು ಸಿಂಕಿನ ಪೈಪಿಗೇ ಸೇರುವ ಹಾಗೆ ಒಂದು ತೂತು.

ಭಾಂಡೆ ತೊಳೆಯುವ ಮಷಿನ್ ಬೇಕು ಅಂತ ನಮ್ಮ ಮನೆಯವರ ಹಟ. ಒಂದು ಸಲಕ್ಕೆ ಸುಮಾರು 10 ಲೀಟರ್ ನೀರು ಸಾಕು, ಕೈಯಲ್ಲಿ ತೊಳೆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹೋಗುತ್ತದೆ ಅನ್ನೋ ಮಾತು ನಿಜ. ಆದರೆ ಹಂಚು, ಅಲ್ಯುಮಿನಿಯಂ ಪಾತ್ರೆ, ಕಟ್ಟಿಗೆಯ ಮಣೆ ಅದರೊಳಗೆ ಹಾಕುವಂತಿಲ್ಲ. ಬೋರ್‌ವೆಲ್ ನೀರಿನ ಸುಣ್ಣ ತಡೆಯೋಕೆ ಆಗಾಗ ಅದಕ್ಕೇ ಅಂತ ಇರುವ ಉಪ್ಪು ಹಾಕುತ್ತಿರಬೇಕು. ಟ್ಯಾಂಕ್ 10 ಅಡಿ ಮೇಲಿದ್ದರೆ ನಳದಲ್ಲಿ 0.3 ಬಾರ್ ಒತ್ತಡ, ಕೊಳ್ಳುವ ಮುಂಚೆ ಮಷಿನ್‌ಗೆ ಎಷ್ಟು ಬೇಕು ಅಂತ ನೋಡಿಕೊಳ್ಳಬೇಕು. ಈಗ ತರುವುದಿಲ್ಲ. ಆದರೆ 60 ಸೆಂಟಿಮೀಟರ್ ಜಾಗ, ನೀರಿನ ಪೈಪು, ಹೊರಗೆ ಹೋಗುವ ಪೈಪು, 16 ಆಂಪಿಯರ್ ಸಾಕೆಟ್ ಈಗಲೇ ಹಾಕಿಸುತ್ತೇವೆ. ಆಮೇಲೆ ಟೈಲ್ಸ್ ಒಡೆಯೋದು ಯಾರಿಗೆ ಬೇಕು?

ಅತ್ತೆ ಕೇಳಿದ ಮಷಿನ್ ಒಂದೇ, ಮನೆ ಗಿರಣಿ. ಹಳೇ ಹಿಟ್ಟಿನ ರೊಟ್ಟಿ ಬಿರಿಯುತ್ತದೆ, ವಾರಕ್ಕೆ ಬೇಕಾದಷ್ಟೇ ಬೀಸಿಕೊಂಡರೆ ಆ ಗೋಳಿಲ್ಲ. 1 ಎಚ್‌ಪಿ ಮೋಟಾರು, ಅಂದರೆ ಸುಮಾರು 750 ವ್ಯಾಟ್, ಕರೆಂಟಿಗೆ ದೊಡ್ಡ ಭಾರ ಅಲ್ಲ. ಶಬ್ದ, ಧೂಳು ಜಾಸ್ತಿ, ಅದಕ್ಕೆ ಹಿತ್ತಲ ಕಡೆಯ ಮೂಲೆ. ಪಕ್ಕದಲ್ಲೇ ಜೋಳದ ಡ್ರಮ್ಮು.

ಕರೆಂಟಿನ ಲೆಕ್ಕ ನಮ್ಮ ಮನೆಯವರೇ ಹಾಕಿದರು. ಇಂಡಕ್ಷನ್ 2000 ವ್ಯಾಟ್, ಮಿಕ್ಸರ್ 750, ಜೊತೆಗೆ ಮೈಕ್ರೋವೇವ್, ಎಲ್ಲ ಬೆಳಗ್ಗೆ ಏಳಕ್ಕೆ ಒಟ್ಟಿಗೇ ಓಡುತ್ತವೆ. ಹಳೇ ತಂತಿಗೆ ಅದು ತಡೆಯಲ್ಲ. ಮೀಟರ್ ಬೋರ್ಡಿನಿಂದ ಅಡಿಗೆಮನೆಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಬೇರೆಯದೇ ಎಂಸಿಬಿ, ಅಂದರೆ ಭಾರ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು. ಸಿಲಿಂಡರ್ ಕಪಾಟಿನೊಳಗೆ ಮುಚ್ಚಿಡೋದು ಬೇಡ, ಹಿತ್ತಲ ಗೋಡೆಗೆ ಜಾಳಿಗೆಯ ಗೂಡು. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಅದಕ್ಕೆ ಜಾಳಿಗೆ ಕೆಳಗಿನಿಂದಲೇ ಶುರುವಾಗಬೇಕು. ಮುಂದೆ ಪೈಪ್ ಗ್ಯಾಸ್ ಬಂದರೆ ಒಲೆಯ ಜೆಟ್, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನ ತಿರುಪು, ಬದಲಿಸಿದರೆ ಆಯಿತು.

ಗೌಂಡಿ ದೀಪಾವಳಿ ಮುಗಿಸಿ ಬರುತ್ತೇನೆ ಅಂದಿದ್ದಾನೆ. ಮೊದಲು ಪೈಪು, ತಂತಿ, ಆಮೇಲೆ ಕಟ್ಟೆ, ಬಡಗಿ ಕೊನೆಗೆ. ಅಷ್ಟು ದಿನ ಹಿತ್ತಲ ತಗಡಿನ ಕೆಳಗೆ ಎರಡು ಬರ್ನರ್ ಇಟ್ಟುಕೊಂಡು ಅನ್ನ, ಸಾರು ಮಾಡಿಕೊಳ್ಳೋದು. ಕಟಕ ರೊಟ್ಟಿ ಕೊಂಡು ತರೋಕೆ ಅತ್ತೆ ಒಪ್ಪಿದ್ದಾರೆ, ಯಾರ ಮನೆಯ ರೊಟ್ಟಿ ಅಂತ ಅವರೇ ಹೋಗಿ ತಿಂದು ನೋಡಿ ಬರುತ್ತಾರಂತೆ.