ದಣಿದವರ ಮುಂದೆ ಖಾಲಿ ಹಾಳೆ ಇಟ್ಟಾಗ

ಕಳೆದ ಎರಡು ವರ್ಷಗಳಿಂದ ನಾನು ಒಂದು ಸಣ್ಣ ತಂಡದಲ್ಲಿ ಡಿಸೈನರ್ ಆಗಿ ಒಂದೇ ಒಂದು ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದೇನೆ. ಬರ್ನ್‌ಔಟ್ ಎಂದು ಈಗ ಎಲ್ಲರೂ ಕರೆಯುವ ಸ್ಥಿತಿಗೆ ತಲುಪಿದವರು, ಅಂದರೆ ವರ್ಷಗಟ್ಟಲೆ ಕೆಲಸದ ಒತ್ತಡದಲ್ಲಿ ಬಸವಳಿದು ಇನ್ನು ಏನೂ ಬೇಡ ಎನ್ನುವಂತಾದವರು, ಬ್ರೌಸರಿನಲ್ಲಿ ತೆರೆದು ಒಂದೆರಡು ಗೆರೆ ಎಳೆಯಲು, ನಾಲ್ಕು ಸಾಲು ಬರೆಯಲು, ಇಲ್ಲವೇ ಬಣ್ಣ ಬಳಿದು ಸುಮ್ಮನೆ ನೋಡುತ್ತಾ ಕೂರಲು ಇರುವ ಪುಟ ಅದು. ಇಷ್ಟು ಸರಳವಾದುದನ್ನು ತಪ್ಪಾಗಿ ಮಾಡುವುದು ಕಷ್ಟ ಎಂದು ನಾನು ನಂಬಿದ್ದೆ. ಮೊದಲ ಆವೃತ್ತಿಯಲ್ಲಿ ನಾವು ಅದನ್ನು ಬಹುಮಟ್ಟಿಗೆ ತಪ್ಪಾಗಿಯೇ ಮಾಡಿದ್ದೆವು.

ಆ ಆವೃತ್ತಿಯನ್ನು ಪರೀಕ್ಷಿಸಲು ಕರೆದ ಐವರಲ್ಲಿ ಒಬ್ಬರು ದೀರ್ಘ ರಜೆಯಲ್ಲಿದ್ದ ಶಿಕ್ಷಕಿ. ಪುಟ ತೆರೆದ ಕೂಡಲೇ 'ಇಂದು ನಿಮ್ಮ ಮನಸ್ಸು ಹೇಗಿದೆ?' ಎಂಬ ಪ್ರಶ್ನೆಯೂ ಅದರ ಕೆಳಗೆ ಒಂಬತ್ತು ಮುಖಗಳ ಸಾಲೂ ಕಾಣಿಸುತ್ತಿದ್ದವು. ಅವರ ಮೌಸ್ ಎರಡು ಮುಖಗಳ ನಡುವೆ ಹೋಗಿ ಬಂದು ಮಾಡಿತು, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ಕೊನೆಗೆ ಯಾವ ಭಾವವೂ ಇಲ್ಲದ ನಡುವಿನ ಮುಖವನ್ನು ಒತ್ತಿದರು. ಮುಂದಿನ ಪರದೆಯಲ್ಲಿ ಅಚ್ಚ ಬಿಳಿಯ ಹಾಳೆ, 48 ಬಣ್ಣಗಳು, ಆರು ಬಗೆಯ ಕುಂಚಗಳು, ಮೇಲೆ 'ಮನಸ್ಸಿಗೆ ಬಂದದ್ದನ್ನು ರಚಿಸಿ!' ಎಂಬ ಸಾಲು. ಅವರು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ, "ಇದರಲ್ಲೂ ನಾನು ಏನಾದರೂ ಮಾಡಿ ತೋರಿಸಬೇಕಾ?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೃದುವಾಗಿರಬೇಕು ಎಂದುಕೊಂಡು ನಾವು ಮಾಡಿದ್ದೆಲ್ಲವೂ ತಿಳಿ ಬಣ್ಣ, ದುಂಡು ಅಂಚು, ಸವಿಮಾತುಗಳಲ್ಲಿ ಮುಗಿದಿತ್ತು. ಆ ಸವಿಮಾತಿನ ಒಳಗೆ ಬೇಡಿಕೆಗಳ ದೊಡ್ಡ ಪಟ್ಟಿಯೇ ಇತ್ತು: ನಿಮ್ಮ ಭಾವನೆಗೆ ಹೆಸರಿಡಿ, ಬಣ್ಣ ಆರಿಸಿ, ಕುಂಚ ಆರಿಸಿ, ರಚಿಸಿ, ಉಳಿಸಿ, ಶೀರ್ಷಿಕೆ ಕೊಡಿ, ನಾಳೆ ಮತ್ತೆ ಬನ್ನಿ. ಮೇಲಧಿಕಾರಿಯೊಬ್ಬರು ನಗುನಗುತ್ತಾ ಹೊರಿಸುವ ಹೆಚ್ಚುವರಿ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಆಮೇಲಷ್ಟೇ, ಮೊದಲೇ ಓದಬೇಕಿದ್ದುದನ್ನು ಓದಲು ಕುಳಿತೆವು. ಈ ದಣಿವಿಗೆ ಬರ್ನ್‌ಔಟ್ ಎಂಬ ಹೆಸರನ್ನು ವೃತ್ತಿ ಬರಹಗಳಲ್ಲಿ ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1974ರ ಲೇಖನದಲ್ಲಿ ಅವರು ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ಮನಸಾರೆ ದುಡಿಯುತ್ತಿದ್ದವರ ಬಗ್ಗೆ, ಅಂಥ ಕಡೆ ತಾವೇ ದುಡಿದ ಅನುಭವದಿಂದ. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದು ನೋಡುವುದು ಮೂರು ಸಂಗತಿಗಳನ್ನು: ಭಾವನಾತ್ಮಕವಾಗಿ ಬರಿದಾಗುವುದು, ಎದುರಿನ ಜನರ ಬಗ್ಗೆ ಮನಸ್ಸು ಮರಗಟ್ಟುವುದು, ತನ್ನ ಕೈಯಿಂದ ಏನೂ ಆಗುತ್ತಿಲ್ಲ ಎನಿಸುವುದು. ಈ ಮೂರನ್ನು ಗೋಡೆಗೆ ಅಂಟಿಸಿ ನಮ್ಮ ಪರದೆಗಳನ್ನು ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡಿದಾಗ, ನಾವು ಒಂದನ್ನೂ ಬಿಡದೆ ಕೆದಕಿದ್ದೆವು ಎಂಬುದು ಗೊತ್ತಾಯಿತು. ಬರಿದಾದವರಿಗೆ 48 ಬಣ್ಣಗಳ ಆಯ್ಕೆ ಕೊಟ್ಟಿದ್ದೆವು. ಯಾವ ಹೊಗಳಿಕೆಯನ್ನೂ ನಂಬದವರಿಗೆ 'ನೀವು ಅದ್ಭುತ!' ಎಂದಿದ್ದೆವು. ತನ್ನಿಂದ ಏನೂ ಆಗದು ಎಂದುಕೊಂಡವರಿಗೆ ಇತರರ ಸೊಗಸಾದ ಚಿತ್ರಗಳ ಗ್ಯಾಲರಿಯನ್ನು ತೋರಿಸಿದ್ದೆವು. ಗ್ಯಾಲರಿ ನನ್ನದೇ ಸಲಹೆಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಎರಡನೆಯ ಆವೃತ್ತಿಯಲ್ಲಿ ಮನಸ್ಸಿನ ಪ್ರಶ್ನೆಯನ್ನು ತೆಗೆದೆವು. ಪುಟ ತೆರೆದಾಗ ಹಾಳೆಯ ಮೇಲೆ ಆಗಲೇ ಒಂದು ಬೂದು ಗೆರೆ ಇರುತ್ತದೆ, ಯಾರೋ ಎಳೆಯುತ್ತಾ ನಡುವೆ ಎದ್ದುಹೋದಂತೆ. ಅದನ್ನು ಮುಂದುವರಿಸಬಹುದು, ಅದರ ಮೇಲೆ ಗೀಚಬಹುದು, ಹಾಗೇ ಬಿಡಬಹುದು. ಬಣ್ಣಗಳು ಮೂರೇ, ಅವೂ ಪ್ರತಿ ದಿನ ತಾವಾಗಿಯೇ ಬದಲಾಗುತ್ತವೆ. ಹೆಚ್ಚು ಬೇಕೆನ್ನುವವರಿಗೆ ಒಂದು ಮೂಲೆಯಲ್ಲಿ ಉಳಿದವೂ ಸಿಗುತ್ತವೆ, ಆದರೆ ಆರಿಸುವ ಹೊರೆಯನ್ನು ಪುಟವೇ ಹೊತ್ತುಕೊಳ್ಳುತ್ತದೆ. ಚಿತ್ರಕಲೆ ಬಲ್ಲ ಗೆಳೆಯರೊಬ್ಬರು ಇದನ್ನು ನೋಡಿ, ಸೃಜನಶೀಲತೆಗೆ ಇದು ಅವಮಾನ ಎಂದರು. ಅವರು ಅಂದು ದಣಿದಿರಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ. ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ತಮಗೆ ತೋಚಿದ ಹಾಗೆ ಚಿತ್ರ, ಮಣ್ಣು, ಅಂಟುಚಿತ್ರಗಳಲ್ಲಿ ತೊಡಗಿದ ಮೇಲೆ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು, ಮತ್ತು ಇದಕ್ಕೂ ಅವರಿಗಿದ್ದ ಹಿಂದಿನ ಕಲಾನುಭವಕ್ಕೂ ಸಂಬಂಧ ಕಾಣಲಿಲ್ಲ. ಅವರು ಆರೋಗ್ಯವಂತರು, ಬರ್ನ್‌ಔಟ್ ಆದವರಲ್ಲ, ನಮ್ಮ ಪರದೆಯ ಮುಂದೆ ಕೂತವರೂ ಅಲ್ಲ. ಆದ್ದರಿಂದ 'ಒತ್ತಡ ಇಳಿಸುತ್ತದೆ' ಎಂದು ನಮ್ಮ ಪುಟದಲ್ಲಿ ಬರೆದುಕೊಳ್ಳುವ ಆಸೆಯನ್ನು ಬಿಟ್ಟೆವು. ಕುಶಲತೆ ಬೇಕಿಲ್ಲ ಎಂಬ ಮಾತನ್ನು ಮಾತ್ರ ಇಟ್ಟುಕೊಂಡೆವು.

ಬರೆಯುವ ಭಾಗದಲ್ಲಿ ಎಡವಿದ್ದು ಬೇರೆ ರೀತಿಯಲ್ಲಿ. ಬರೆದು ಮುಗಿಸಿದ ಕೂಡಲೇ 'ಈಗ ಮನಸ್ಸು ಹಗುರಾಯಿತೇ?' ಎಂದು ಕೇಳುತ್ತಿದ್ದೆವು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ತಮ್ಮ ಬದುಕಿನ ಆಘಾತವನ್ನು ಭಾವನೆಗಳ ಸಮೇತ ಬರೆದವರ ಮನಸ್ಸು ಬರೆದ ತಕ್ಷಣ ಇನ್ನಷ್ಟು ಕುಗ್ಗಿತ್ತು. ಅವರು ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾದದ್ದು ನಂತರದ ತಿಂಗಳುಗಳಲ್ಲಿ. ಅಂದರೆ ನಾವು ಪ್ರಶ್ನೆಯನ್ನು ಕೇಳುತ್ತಿದ್ದದ್ದು 'ಇಲ್ಲ' ಎಂಬ ಉತ್ತರ ಬರುವ ಸಾಧ್ಯತೆ ಅತಿ ಹೆಚ್ಚಿರುವ ಗಳಿಗೆಯಲ್ಲಿ, ಮತ್ತು ಆ 'ಇಲ್ಲ' ಎಂಬುದು ದಣಿದವರ ಕಿವಿಗೆ ಇನ್ನೊಂದು ಸೋಲಿನಂತೆ ಕೇಳಿಸುತ್ತಿತ್ತು. ಪ್ರಶ್ನೆಯನ್ನು ಕಿತ್ತುಹಾಕಿದೆವು. ನಮ್ಮ ವಾರದ ವರದಿಯಲ್ಲಿದ್ದ ಒಂದು ಚಂದದ ನಕ್ಷೆಯೂ ಅದರ ಜೊತೆಗೆ ಹೋಯಿತು.

ನಾನು ಅತಿ ಹೆಚ್ಚು ಸಮಯ ಕಳೆದದ್ದು ಬಣ್ಣಗಳ ಮೇಲಲ್ಲ, ಕ್ರಿಯಾಪದಗಳ ಮೇಲೆ. 'ಬರೆಯಿರಿ' ಎಂದರೆ ಅಪ್ಪಣೆ. 'ಬರಿ' ಎಂದರೆ ಇಲ್ಲದ ಸಲುಗೆ. 'ದಯವಿಟ್ಟು ಬರೆಯಿರಿ' ಎಂದರೆ ಅರ್ಜಿ ನಮೂನೆ. 'ನೀವು ಬರೆಯಬಹುದು' ಎಂದಾಗ ಅನುಮತಿ ಕೊಡುವ ಯಾರೋ ಮೇಲೆ ಕುಳಿತಂತಿತ್ತು. ಕನ್ನಡದಲ್ಲಿ ಒಬ್ಬರನ್ನು ಕರೆದು ಮಾತನಾಡಿಸಿದ ಕೂಡಲೇ ಅಂತರವೋ ಸಲುಗೆಯೋ ಒಂದು ತಾನಾಗಿ ನಿರ್ಧಾರವಾಗಿಬಿಡುತ್ತದೆ, ಆದ್ದರಿಂದ ಕರೆಯದೆಯೇ ಹೇಳುವ ದಾರಿಯನ್ನು ಹುಡುಕಬೇಕಾಯಿತು. ಈಗ ಬರೆಯುವ ಜಾಗದಲ್ಲಿ ಇರುವುದು 'ಅರ್ಧಕ್ಕೇ ನಿಂತರೂ ಸರಿ' ಎಂಬ ತೆಳುವಾದ ಸಾಲು ಮಾತ್ರ. 'ಉಳಿಸಬೇಕೇ? ಹೌದು, ಬೇಡ, ರದ್ದುಮಾಡಿ' ಎಂಬ ಪೆಟ್ಟಿಗೆಯನ್ನು ತೆಗೆದು, ಎಲ್ಲವೂ ತಾನಾಗಿ ಉಳಿಯುವಂತೆ ಮಾಡಿ, ಕೆಳಗೆ ಒಂದೇ ಬಟನ್ ಇಟ್ಟೆವು: 'ಸಾಕು'. ಪರೀಕ್ಷೆಗೆ ಬಂದಿದ್ದ ನರ್ಸ್ ಒಬ್ಬರು ಅದನ್ನು ನೋಡಿ ನಕ್ಕರು. "ಇಡೀ ದಿನ ಬಾಯಲ್ಲಿ ಬರುವ ಮಾತು, ಇಲ್ಲಿ ಒತ್ತುವುದಕ್ಕೂ ಸಿಕ್ಕಿತಲ್ಲ" ಎಂದರು. ಆ ಬಟನ್ನಿನ ಮೇಲೆ ಆಮೇಲೆ ಚರ್ಚೆಯೇ ನಡೆಯಲಿಲ್ಲ.

ಅಳಿಸುವುದರ ಬಗ್ಗೆ ಮಾತ್ರ ವಾರಗಟ್ಟಲೆ ಜಗಳವಾಡಿದೆವು. ಬರೆದದ್ದನ್ನು ಹರಿದು ಹಾಕುವ ಸುಖ ಕೆಲವರಿಗೆ ಬರೆಯುವುದಕ್ಕಿಂತ ಮುಖ್ಯವೆಂದು ನಮಗೆ ಬೇಗ ತಿಳಿಯಿತು. ಮೊದಲು ಕಾಗದ ಚೂರಾಗಿ ಹಾರುವ ದೃಶ್ಯವನ್ನು, ಸದ್ದಿನೊಂದಿಗೆ, ತುಂಬಾ ಹೆಮ್ಮೆಯಿಂದ ಮಾಡಿದ್ದೆವು. ಪರದೆಯ ಮೇಲಿನ ಚಲನೆಯಿಂದ ತಲೆಸುತ್ತು ಬರುವವರು ತಮ್ಮ ಫೋನ್, ಕಂಪ್ಯೂಟರುಗಳಲ್ಲಿ 'ಚಲನೆ ಕಡಿಮೆ ಮಾಡು' ಎಂಬ ಸೆಟ್ಟಿಂಗ್ ಇಟ್ಟುಕೊಂಡಿರುತ್ತಾರೆ, ಬ್ರೌಸರ್ ಅದನ್ನು ನಮಗೆ ತಿಳಿಸುತ್ತದೆ. ನಾವು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಈಗ ಹಾಳೆ ಮೆಲ್ಲಗೆ ಮಾಸುತ್ತದೆ, ಆ ಸೆಟ್ಟಿಂಗ್ ಇದ್ದವರಿಗೆ ಸುಮ್ಮನೆ ಇಲ್ಲವಾಗುತ್ತದೆ. ಮುಂದಿನ ಪ್ರಶ್ನೆ, ಅಳಿಸಿದ್ದನ್ನು ಮರಳಿ ಪಡೆಯಲು ಎಷ್ಟು ಹೊತ್ತು ಕೊಡಬೇಕು ಎಂಬುದು. ನಮ್ಮ ಡೆವಲಪರ್ ಹತ್ತು ಸೆಕೆಂಡು ಎಂದರು. ನಿಧಾನವಾಗಿ ಓದುವವರನ್ನು, ಕೈ ನಡುಗುವವರನ್ನು ಹತ್ತು ಸೆಕೆಂಡಿನ ಗಡಿಯಾರದ ಮುಂದೆ ನಿಲ್ಲಿಸುವುದು ಸರಿಯಲ್ಲ, ಸಮಯದ ಮಿತಿಯನ್ನು ಬಳಕೆದಾರರು ತೆಗೆಯಲು ಅಥವಾ ಬದಲಿಸಲು ಆಗಬೇಕು ಎಂದು ಜಾಲದ ಸುಗಮ್ಯತೆಯ ಮಾರ್ಗಸೂಚಿಗಳೂ ಹೇಳುತ್ತವೆ. ಕೊನೆಗೆ, ಪುಟವನ್ನು ಮುಚ್ಚುವವರೆಗೂ ಮರಳಿ ಪಡೆಯಬಹುದು, ಮುಚ್ಚಿದ ಮೇಲೆ ಅದು ನಮ್ಮ ಕೈಗೂ ಸಿಗದಂತೆ ಅಳಿಯುತ್ತದೆ ಎಂದು ತೀರ್ಮಾನಿಸಿದೆವು.

ಇನ್ನು ನಾವು ಮಾಡಿದ ದೊಡ್ಡ ತಪ್ಪಿನ ವಿಷಯ. ಜನ ತಮ್ಮ ಕೆಲಸದ ಬಗ್ಗೆ, ಮೇಲಿನವರ ಬಗ್ಗೆ ಬರೆಯುವ ಜಾಗವಾದ್ದರಿಂದ ಒಂದಕ್ಷರವೂ ನಮ್ಮ ಸರ್ವರಿಗೆ ಬರಬಾರದು, ಲಾಗಿನ್ ಇರಬಾರದು, ಎಲ್ಲವೂ ಅವರ ಬ್ರೌಸರಿನಲ್ಲೇ ಉಳಿಯಬೇಕು ಎಂದು ಮೊದಲ ದಿನವೇ ನಿರ್ಧರಿಸಿದ್ದೆವು. ಅದು ಒಳ್ಳೆಯ ನಿರ್ಧಾರ, ಇಂದಿಗೂ ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದರ ಕೆಳಗೆ 'ಎಷ್ಟು ದಿನ ಬಿಟ್ಟು ಬಂದರೂ ಪುಟ ಇಲ್ಲೇ ಇರುತ್ತದೆ' ಎಂದು ಬರೆದವನು ನಾನು. 2020ರ ಮಾರ್ಚ್‌ನಲ್ಲಿ ಆಪಲ್‌ನ ಬ್ರೌಸರಾದ ಸಫಾರಿಯ 13.1 ಆವೃತ್ತಿಯ ಜೊತೆ ಬಂದ ನಿಯಮದ ಪ್ರಕಾರ, ಬಳಕೆದಾರರು ಒಂದು ತಾಣದ ಕಡೆ ಸುಳಿಯದೆ ಆ ಬ್ರೌಸರನ್ನು ಬಳಸಿದ 7 ದಿನಗಳು ಕಳೆದರೆ, ಆ ತಾಣದ ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಪ್ರೋಗ್ರಾಂ, ಬ್ರೌಸರಿನಲ್ಲಿ ಬರೆದಿಟ್ಟದ್ದೆಲ್ಲ ಅಳಿದುಹೋಗುತ್ತದೆ. ಜನರ ಬೆನ್ನು ಹತ್ತುವ ಜಾಹೀರಾತು ಜಾಲಗಳನ್ನು ತಡೆಯಲು ಮಾಡಿದ ನಿಯಮ ಅದು, ಅದರ ಉದ್ದೇಶದಲ್ಲಿ ದೋಷವಿಲ್ಲ. ನಮ್ಮವರು ಮಾತ್ರ ಅದಕ್ಕೆ ನೇರವಾಗಿ ಸಿಕ್ಕಿಕೊಂಡರು, ಏಕೆಂದರೆ ದಣಿದವರು ವಾರಕ್ಕೊಮ್ಮೆ ತಪ್ಪದೆ ಬರುವವರಲ್ಲ. 'ನೆನಪಾದಾಗ ಬನ್ನಿ, ಅವಸರವಿಲ್ಲ' ಎಂದು ನಾವೇ ಹೇಳಿ ಕಳಿಸಿದ್ದೆವು. ಮೂರು ವಾರಗಳ ನಂತರ ಮರಳಿದವರೊಬ್ಬರು ಬರೆದ ಪತ್ರದಲ್ಲಿ ಕೋಪವಿರಲಿಲ್ಲ: "ನಾನೇ ಎಲ್ಲೋ ಏನೋ ತಪ್ಪು ಒತ್ತಿರಬೇಕು." ನಮ್ಮ ತಪ್ಪನ್ನು ಅವರು ತಮ್ಮ ತಲೆಗೆ ಕಟ್ಟಿಕೊಂಡಿದ್ದರು. ಆ ಸಾಲನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಅವರಿಗೆ ತಪ್ಪು ನಮ್ಮದೆಂದು ವಿವರವಾಗಿ ಬರೆದೆವು. ಪುಟವನ್ನು ಫೋನಿನ ಮುಖಪುಟಕ್ಕೆ ಸೇರಿಸಿಕೊಂಡರೆ ಈ ನಿಯಮ ಅದಕ್ಕೆ ತಗಲುವುದಿಲ್ಲವಾದ್ದರಿಂದ ಅದನ್ನು ಹೇಗೆ ಮಾಡುವುದು ಎಂದು ಸರಳವಾಗಿ ತೋರಿಸಿದೆವು, ಪ್ರತಿ ಹಾಳೆಯನ್ನೂ ಫೈಲಾಗಿ ಇಳಿಸಿಕೊಳ್ಳುವ ದಾರಿ ಕೊಟ್ಟೆವು, ಮತ್ತು ನನ್ನ ಆ ಸುಂದರ ವಾಕ್ಯವನ್ನು ತೆಗೆದು, ಯಾವ ಬ್ರೌಸರಿನಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವ ಎರಡು ಒರಟು ವಾಕ್ಯಗಳನ್ನು ಹಾಕಿದೆವು.

ಸರ್ವರಿಗೆ ಏನೂ ಬರದಿದ್ದರೆ, ಯಾರಾದರೂ ಬದುಕೇ ಬೇಡ ಎಂದು ಬರೆದಾಗ ನಮಗೆ ಗೊತ್ತಾಗುವುದಿಲ್ಲ. ಬ್ರೌಸರಿನಲ್ಲೇ ಪದಗಳನ್ನು ಗುರುತಿಸಿ ಎಚ್ಚರಿಕೆ ತೋರಿಸುವ ಸಲಹೆ ಬಂದಿತ್ತು. 'ಈ ಕೆಲಸ ನನ್ನನ್ನು ಕೊಲ್ಲುತ್ತಿದೆ' ಎಂದು ಬರೆದವರಿಗೆಲ್ಲ ಎಚ್ಚರಿಕೆ ಎದ್ದು ನಿಂತರೆ ಜನ ಮನಬಿಚ್ಚಿ ಬರೆಯುವುದನ್ನೇ ಬಿಡುತ್ತಾರೆ ಎಂದು ನಮ್ಮ ಸಲಹೆಗಾರರಾದ ಆಪ್ತಸಮಾಲೋಚಕರು ಹೇಳಿದರು. ಅವರ ಮಾತಿನಂತೆ, ಪ್ರತಿ ಪರದೆಯ ಒಂದೇ ಮೂಲೆಯಲ್ಲಿ 'ಯಾರೊಂದಿಗಾದರೂ ಮಾತನಾಡಬೇಕೇ' ಎಂಬ ಕೊಂಡಿಯನ್ನು ಇಟ್ಟೆವು. ಪುಟ ಕೇಳುವ ಪ್ರಶ್ನೆ ಈಗ ಅದೊಂದೇ.

ಕಂಪನಿಯೊಳಗೆ ಹೆಚ್ಚು ಕಷ್ಟವಾದದ್ದು ಲೆಕ್ಕ ಒಪ್ಪಿಸುವುದು. ದಿನಕ್ಕೆ ಎಷ್ಟು ಜನ ಬರುತ್ತಾರೆ, ಎಷ್ಟು ನಿಮಿಷ ಇರುತ್ತಾರೆ ಎಂಬ ಸಂಖ್ಯೆಗಳನ್ನೇ ಪ್ರತಿ ಸಭೆಯಲ್ಲಿ ಕೇಳುತ್ತಿದ್ದರು. ದಣಿವು ಕಡಿಮೆಯಾದವರು ಬರುವುದನ್ನು ನಿಲ್ಲಿಸುತ್ತಾರೆ, ದಣಿವು ಹೆಚ್ಚಾದವರೂ ನಿಲ್ಲಿಸುತ್ತಾರೆ. ಸಂಖ್ಯೆ ಇಬ್ಬರನ್ನೂ ಒಂದೇ ಕಾಲಂನಲ್ಲಿ ಕೂರಿಸುತ್ತದೆ. ಸತತ ಎಷ್ಟು ದಿನ ಬಂದಿರಿ ಎಂದು ಎಣಿಸುವ ಸರಪಳಿಯನ್ನು, 'ನಿಮ್ಮನ್ನು ಕಾಣದೆ ಬೇಸರವಾಗಿದೆ' ಎಂಬ ನೋಟಿಫಿಕೇಶನ್ನನ್ನು ಮರಳಿ ತರಲು ಎರಡು ಬಾರಿ ಒತ್ತಾಯ ಬಂತು. ಸಂಸ್ಥೆಯೊಂದು ತನ್ನ ನೌಕರರಿಗಾಗಿ ಇದನ್ನು ಕೊಳ್ಳಲು ಮುಂದೆ ಬಂದು, ಯಾವ ವಿಭಾಗದವರು ಹೆಚ್ಚು ಬಳಸುತ್ತಾರೆ ಎಂದು ತೋರಿಸುವ ಡ್ಯಾಶ್‌ಬೋರ್ಡ್ ಬೇಕೆಂದಿತು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ತನ್ನ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-11ರಲ್ಲಿ ಬರ್ನ್‌ಔಟನ್ನು ಕಾಯಿಲೆಗಳ ಸಾಲಿನಲ್ಲಿ ಇಟ್ಟಿಲ್ಲ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ವಿದ್ಯಮಾನ ಎಂದು ಕರೆದಿದೆ. ಒತ್ತಡ ಹುಟ್ಟುವ ಜಾಗಕ್ಕೇ ಆ ಒತ್ತಡದ ಲೆಕ್ಕವನ್ನು ತಲುಪಿಸುವ ಯಂತ್ರವಾಗಲು ನಾವು ಒಪ್ಪಲಿಲ್ಲ, ಅವರು ಕೊಳ್ಳಲಿಲ್ಲ. ಅದರಿಂದ ತಂಡದ ಹಣಕ್ಕೆ ಪೆಟ್ಟು ಬಿತ್ತು ಎಂಬುದನ್ನು ಮರೆಮಾಚುವುದಿಲ್ಲ. ಈ ಎಲ್ಲ ವಾದಗಳ ನಡುವೆ, ರಾತ್ರಿ ಹನ್ನೊಂದಕ್ಕೆ ಕೂತು 'ಇವತ್ತಿಗೆ ಇಷ್ಟು ಸಾಕು' ಎಂಬ ಸಾಲನ್ನು ನಾನು ಏಳನೆಯ ಬಾರಿ ತಿದ್ದುತ್ತಿದ್ದೆ ಎಂಬುದೂ ನಿಜ.

ಹೊಸ ಆವೃತ್ತಿ ಸಿದ್ಧವಾದಾಗ ಆ ಶಿಕ್ಷಕಿಯನ್ನು ಮತ್ತೆ ಕರೆದೆವು. ಬೂದು ಗೆರೆಯನ್ನು ನೋಡಿದರು. ಅದರ ತುದಿಯಿಂದ ಕೆಳಗೆ ಇನ್ನೊಂದು ಗೆರೆ ಎಳೆದರು, ಅದು ಅಂಚಿಗೆ ಮುಟ್ಟುವ ಮೊದಲೇ ನಿಲ್ಲಿಸಿದರು. ನಸುಗೆಂಪು ಬಣ್ಣವನ್ನು ಒಂದು ಕಡೆ ಸ್ವಲ್ಪ ಬಳಿದರು. ಸುಮಾರು ನಲವತ್ತು ಸೆಕೆಂಡುಗಳಾಗಿದ್ದವು. 'ಸಾಕು' ಒತ್ತಿ, ಕುರ್ಚಿಗೆ ಒರಗಿ, ಕಿಟಕಿಯ ಕಡೆ ನೋಡುತ್ತಾ ಕುಳಿತರು. ನನ್ನ ಟಿಪ್ಪಣಿಯ ಹಾಳೆಯಲ್ಲಿ 'ಕೆಲಸ ಪೂರ್ಣಗೊಳಿಸಿದರೇ?' ಎಂಬ ಕಾಲಂ ಇನ್ನೂ ಉಳಿದುಕೊಂಡಿತ್ತು. ಅದರಲ್ಲಿ ನಾನು ಏನನ್ನೂ ಬರೆಯಲಿಲ್ಲ.