ಸಿ ಮೇಜರ್‌ನಿಂದ ಸಿ ಮೈನರ್‌ಗೆ

ಈ ವಾರ ಪೂರ್ತಿ ಗಿಟಾರ್ ಹಿಡಿದು, ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ‘ಕ್ರೀಪ್’ ಹಾಡಿನ ಹಿಂದೆ ಬಿದ್ದಿದ್ದೇನೆ. 1992ರ ಹಾಡು. ಇರುವುದು ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಜಿ, ಬಿ, ಸಿ ಮೇಜರ್, ಸಿ ಮೈನರ್. ಅವೇ ಮತ್ತೆ ಮತ್ತೆ ಬರುತ್ತವೆ. ಆದರೂ ಕೇಳಿದಾಗಲೆಲ್ಲ ಯಾಕಿಷ್ಟು ಸಂಕಟ ಅಂತ ಒಂದೊಂದೇ ತಂತಿ ಮೀಟಿ ನೋಡಿದೆ.

ಕಾರ್ಡ್‌ಗಳ ಒಳಗೆ ಒಂದು ಸ್ವರ ನಡೆಯುತ್ತಾ ಇರುತ್ತದೆ. ಡಿ, ಡಿ ಶಾರ್ಪ್, ಇ ಅಂತ ಮೆಲ್ಲಗೆ ಹತ್ತುತ್ತದೆ. ಆಮೇಲೆ ಇ ಫ್ಲಾಟ್‌ಗೆ, ಅಂದರೆ ಇಗಿಂತ ಅರ್ಧ ಸ್ವರ ಕೆಳಕ್ಕೆ ಇಳಿದು ಮತ್ತೆ ಡಿಗೇ ಬರುತ್ತದೆ. ಆ ಇಳಿಯುವ ಜಾಗದಲ್ಲೇ ಎದೆ ಹಿಂಡುವುದು. ಸಿ ಮೇಜರ್‌ನಿಂದ ಸಿ ಮೈನರ್‌ಗೆ ಹೋಗುವಾಗ ಮೂರನೇ ಫ್ರೆಟ್‌ನ (ಗಿಟಾರಿನ ಕತ್ತಿನ ಮೇಲಿನ ಪಟ್ಟಿ) ಬಾರ್ ಕಾರ್ಡ್‌ನಲ್ಲಿ, ಅಂದರೆ ಒಂದೇ ಬೆರಳನ್ನು ಅಡ್ಡ ಇಟ್ಟು ಹಲವು ತಂತಿ ಒತ್ತುವ ಕಾರ್ಡ್‌ನಲ್ಲಿ, ಬದಲಾಗುವುದು ಎರಡನೇ ತಂತಿಯೊಂದೇ, ಐದನೇ ಫ್ರೆಟ್‌ನಿಂದ ನಾಲ್ಕಕ್ಕೆ. ಅಷ್ಟೇ!

ಪಕ್ಕದಲ್ಲಿ ಕೂತಿದ್ದ ಅಕ್ಕ ಕರ್ನಾಟಕ ಸಂಗೀತ ಕಲಿತವಳು. “ಸಿ ಷಡ್ಜ ಆದರೆ ಇದು ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ ಬಂದ ಹಾಗೆ, ಅಲ್ವಾ ಮಾರಾಯಾ?” ಅಂದಳು. ಹೌದು, ಅದೇ. ದುಃಖಕ್ಕೆ ಇಷ್ಟು ಸಣ್ಣ ಜಾಗ ಸಾಕಾ ಅಂತ ಆಶ್ಚರ್ಯ ಆಯಿತು.

ಮಂಗಳೂರಿನ ಮಳೆಗಾಲದ ತೇವಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒರೆಸಿಯೇ ಇಡಬೇಕು. ಇನ್ನು ಕೋರಸ್‌ಗೆ (ಹಾಡಿನ ಪಲ್ಲವಿಗೆ) ಮುಂಚೆ ಬ್ಯಾಂಡಿನ ಜಾನಿ ಗ್ರೀನ್‌ವುಡ್ ಗಿಟಾರಿನಲ್ಲಿ ಹೊಡೆಯುವ ಆ ‘ಝಕ್ ಝಕ್’ ಕಲಿಯುವುದಿದೆ. ತಂತಿಯನ್ನು ಪೂರ್ತಿ ಒತ್ತದೆ, ಸುಮ್ನೆ ಮುಟ್ಟಿ ಜೋರಾಗಿ ಹೊಡೆಯಬೇಕು.