ಸೋತವರ ಜೆಟ್, ಗೆದ್ದವರ ಹಡಗು

1945ರಲ್ಲಿ ಜರ್ಮನಿ ಶರಣಾದ ಮೇಲೆ ಅದರ ವಿಮಾನಗಳೆಲ್ಲ ಏನಾದವು ಅಂತ ಸುಮ್ನೆ ಓದಲು ಶುರು ಮಾಡಿದೆ, ಮುಗಿಯೋ ಹೊತ್ತಿಗೆ ನಡುರಾತ್ರಿ. ಜಾಸ್ತಿ ಪಾಲು ಗುಜರಿಗೇ ಹೋದವು. ಆದರೆ ಜೆಟ್‌ಗಳನ್ನು ಯಾರೂ ಬಿಡಲಿಲ್ಲ. ಅಮೆರಿಕದ ಕರ್ನಲ್ ಹೆರಾಲ್ಡ್ ವಾಟ್ಸನ್ ತಂಡ ಬವೇರಿಯಾದ ಲೆಕ್‌ಫೆಲ್ಡ್‌ನಲ್ಲಿ ಸಿಕ್ಕ ಮೆಸ್ಸರ್‌ಸ್ಮಿಟ್ 262 ಜೆಟ್ ಯುದ್ಧವಿಮಾನಗಳನ್ನು ರಿಪೇರಿ ಮಾಡಿಸಿ, ಫ್ರಾನ್ಸಿನ ಶೆರ್ಬೂರ್ಗ್ ಬಂದರಿನವರೆಗೆ ಹಾರಿಸಿಕೊಂಡೇ ಹೋಯಿತು, ಅಲ್ಲಿಂದ ಬ್ರಿಟಿಷರ ರೀಪರ್ ಹಡಗಿನಲ್ಲಿ ಸುಮಾರು 40 ವಿಮಾನಗಳು ಅಮೆರಿಕ ಸೇರಿದವು. ಹಾರಿಸೋದು ಕಲಿಸಿದ್ದು ಯಾರು ಗೊತ್ತಾ? ಅದೇ ಮೆಸ್ಸರ್‌ಸ್ಮಿಟ್ ಕಂಪನಿಯ ಟೆಸ್ಟ್ ಪೈಲಟ್‌ಗಳು! ಕೆಲವೇ ವಾರಗಳ ಹಿಂದೆ ಶತ್ರುಗಳು, ಈಗ ಮೇಷ್ಟ್ರುಗಳು.

ಅದೇನೂ ಸುಲಭದ ಕೆಲಸ ಆಗಿರಲಿಲ್ಲ. ಒಳ್ಳೆಯ ಲೋಹಗಳಿಗೆ ಬರ ಬಂದಿದ್ದ ಕಾಲದಲ್ಲಿ ಮಾಡಿದ, ಆ ವಿಮಾನಗಳ ಜುಮೋ ಎಂಬ ಜೆಟ್ ಎಂಜಿನ್ 25 ಗಂಟೆ ಬಾಳಿದರೆ ಅದೇ ದೊಡ್ಡದು. 50 ಮಿಲಿಮೀಟರ್ ಫಿರಂಗಿ ಹೊತ್ತಿದ್ದ ಒಂದು 262 ದಾರಿಯಲ್ಲೇ ಬಿತ್ತು. ಜರ್ಮನ್ ಪೈಲಟ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದ.

ವಿಮಾನಕ್ಕೇನು, ಯಾರು ಕೂತರೂ ಹಾರುತ್ತೆ. ಆದರೆ ನಾಜಿ ಸೆರೆಶಿಬಿರಗಳ ಕೈದಿಗಳನ್ನು ದುಡಿಸಿ ಕಟ್ಟಿಸಿದ್ದನ್ನು ಹಾಗೆ ಬಾಚಿಕೊಳ್ಳುವಾಗ ಕಟ್ಟಿದವರ ನೆನಪು ಎಷ್ಟು ಜನಕ್ಕೆ ಬಂತೋ. ವಿನ್ಯಾಸಕಾರರಿಗಂತೂ ಎಲ್ಲೆಡೆ ಬೇಡಿಕೆ. ಜರ್ಮನಿಯ ಫೋಕೆ-ವುಲ್ಫ್ 190 ಯುದ್ಧವಿಮಾನ ರೂಪಿಸಿದ ಕುರ್ಟ್ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ, ಆಮೇಲೆ ನಮ್ಮ ಬೆಂಗಳೂರಿಗೇ ಬಂದರಲ್ವಾ. ಎಚ್‌ಎಎಲ್‌ನಲ್ಲಿ ಅವರು ವಿನ್ಯಾಸ ಮಾಡಿದ ಮಾರುತ್ ಜೆಟ್ ಯುದ್ಧವಿಮಾನ 1961ರಲ್ಲಿ ಮೊದಲು ಹಾರಿತು.